ವಿಮಾನದ ಟಿಕೆಟ್ ನಮ್ಮಲ್ಲೇ ತಗೊಳ್ಳಿ ಅಂದಿರಿ, ಹಡಗು ತಪ್ಪಿತು

ಹನುಮಂತನಗರ, ಬೆಂಗಳೂರು
8 ಸೆಪ್ಟೆಂಬರ್ 2025

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕ್ರೂಸ್ ಕಂಪನಿಯ ಬೆಂಗಳೂರು ಬುಕಿಂಗ್ ಕಚೇರಿ

ವಿಷಯ: ಆಗಸ್ಟ್ 16ರ ಕ್ರೂಸ್‌ಗೆ ನೀವು ಮಾಡಿಕೊಟ್ಟ ವಿಮಾನದ ಟಿಕೆಟ್‌ನಿಂದ ಆದ ನಷ್ಟ 2,51,500 ರೂಪಾಯಿ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಾನು ಮತ್ತು ನನ್ನ ಅಮ್ಮ ನಿಮ್ಮ ಕಚೇರಿಯಲ್ಲಿ ಏಳು ರಾತ್ರಿಯ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದೆವು. ಹಡಗು ಆಗಸ್ಟ್ 16ರ ಸಂಜೆ 5 ಗಂಟೆಗೆ ಇಟಲಿಯ ಚಿವಿತಾವೆಕ್ಕಿಯ ಬಂದರಿನಿಂದ ಹೊರಟಿತು. ಆ ಹೊತ್ತಿನಲ್ಲಿ ನಾವಿಬ್ಬರೂ ಇನ್ನೂ ವಿಮಾನದಲ್ಲಿ ಕೂತಿದ್ದೆವು. ಅದು ನೀವು ಕೊಡಿಸಿದ ವಿಮಾನವೂ ಅಲ್ಲ, ಬೆಳಗಿನ ಜಾವ ಮುಂಬೈಯಲ್ಲಿ ನಿಂತು ನನ್ನ ಕಾರ್ಡಿನಿಂದ ದುಡ್ಡು ಕೊಟ್ಟು ಹತ್ತಿದ ವಿಮಾನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಳೆಯಿಂದ ವಿಮಾನ ತಡವಾಯಿತು ಅಂತ ನಾನು ದೂರುತ್ತಿಲ್ಲ. ಮಳೆ ಯಾರ ಕೈಯಲ್ಲೂ ಇಲ್ಲ. ಟಿಕೆಟ್ ಹೇಗೆ ಮಾಡಬೇಕು ಅನ್ನೋದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿತ್ತು. ನನ್ನ ದೂರು ಅದರ ಬಗ್ಗೆ.

ಏಪ್ರಿಲ್ 5ರ ಶನಿವಾರ ನಾನು ನಿಮ್ಮ ಕಚೇರಿಗೆ ಬಂದಾಗ ಸುಮ್ನೆ ಕೈಬೀಸಿಕೊಂಡು ಬಂದಿರಲಿಲ್ಲ. ವಿಮಾನದ ದರ ನೋಡಿಕೊಂಡೇ ಬಂದಿದ್ದೆ. ಬೆಂಗಳೂರಿನಿಂದ ಗಲ್ಫ್, ಅಲ್ಲಿಂದ ರೋಮ್. ಒಂದೇ ಏರ್‌ಲೈನ್ಸ್, ಒಂದೇ ಪಿಎನ್‌ಆರ್ (ಏರ್‌ಲೈನ್ಸ್ ಕೊಡುವ ಬುಕಿಂಗ್ ನಂಬರ್), ಹೋಗಿ ಬರಲು ತಲಾ 62,400 ರೂಪಾಯಿ. ಹಡಗು ಹೊರಡುವ ಹಿಂದಿನ ದಿನವೇ ರೋಮ್ ಮುಟ್ಟುವ ಹಾಗೆ ಲೆಕ್ಕ ಹಾಕಿದ್ದೆ. ಫೋನಿನಲ್ಲಿ ಅದನ್ನು ನಿಮ್ಮ ಸಿಬ್ಬಂದಿಗೆ ತೋರಿಸಿದೆ ಕೂಡ. ಅವರು ಹೇಳಿದ್ದು ನನಗೆ ಇವತ್ತಿಗೂ ಅಕ್ಷರಕ್ಕೆ ಅಕ್ಷರ ನೆನಪಿದೆ. "ಸ್ವಂತ ಟಿಕೆಟ್ ಮಾಡ್ಕೊಂಡ್ರೆ ವಿಮಾನ ತಡ ಆದಾಗ ಹಡಗು ಕಾಯಲ್ಲ ಮೇಡಂ. ನಮ್ಮ ಮೂಲಕ ಮಾಡಿದ್ರೆ ಜವಾಬ್ದಾರಿ ನಮ್ದು. ಏನೇ ಆದ್ರೂ ಮುಂದಿನ ಬಂದರಿಗೆ ನಾವೇ ಸೇರಿಸ್ತೀವಿ."

ಅಮ್ಮನಿಗೆ 70 ವರ್ಷ. ಮಂಡಿ ನೋವಿದೆ, ಜಾಸ್ತಿ ನಡೆಯಲು ಆಗುವುದಿಲ್ಲ. ಅವರು ಸಮುದ್ರ ನೋಡಿದ್ದೇ ಎರಡು ಸಲ, ಪಣಂಬೂರಿನಲ್ಲಿ ಒಮ್ಮೆ, ಗೋಕರ್ಣದಲ್ಲಿ ಒಮ್ಮೆ. ಅವರನ್ನು ಅಷ್ಟು ದೂರ ಕರೆದುಕೊಂಡು ಹೋಗುವಾಗ "ಜವಾಬ್ದಾರಿ ನಮ್ದು" ಅನ್ನುವ ಮಾತು ನನಗೆ ತುಂಬಾ ದೊಡ್ಡದಾಗಿ ಕಂಡಿತು. ನಿಮ್ಮ ವಿಮಾನದ ದರ ತಲಾ 82,000. ಇಬ್ಬರಿಗೆ 39,200 ರೂಪಾಯಿ ಜಾಸ್ತಿ. ನಾನು ಚೌಕಾಸಿ ಮಾಡಲಿಲ್ಲ. ಆ ದುಡ್ಡು ಕೊಟ್ಟಿದ್ದು ಆ ಒಂದು ಮಾತಿಗೆ.

ಇಲ್ಲಿ ಟಿಸಿಎಸ್, ಅಂದರೆ ಮಾರುವವರೇ ಗ್ರಾಹಕರಿಂದ ಮೊದಲೇ ಹಿಡಿಯುವ ತೆರಿಗೆಯ ವಿಷಯವನ್ನೂ ಹೇಳಬೇಕು. ಕ್ರೂಸ್ 2,38,000, ವಿಮಾನ 1,64,000, ಒಟ್ಟು 4,02,000ಕ್ಕೆ ವಿದೇಶ ಪ್ರವಾಸದ ಪ್ಯಾಕೇಜ್ ಅಂತ 5% ಟಿಸಿಎಸ್, ಅಂದರೆ 20,100 ರೂಪಾಯಿ ಹಿಡಿದಿರಿ. ಆಗ ಕಾನೂನು ಹಾಗಿತ್ತು, ರಿಟರ್ನ್ ಹಾಕುವಾಗ ಅದು ಲೆಕ್ಕಕ್ಕೆ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಬರೀ ವಿಮಾನದ ಟಿಕೆಟ್ ಕೊಂಡರೆ ಅದು ಪ್ಯಾಕೇಜ್ ಆಗುವುದಿಲ್ಲ ಅಂತ ನೇರ ತೆರಿಗೆ ಮಂಡಳಿ 2023ರಲ್ಲೇ ಸ್ಪಷ್ಟಪಡಿಸಿದೆ. ನಾನೇ ಟಿಕೆಟ್ ತೆಗೆದುಕೊಂಡಿದ್ದರೆ ವಿಮಾನದ ದುಡ್ಡಿನ ಮೇಲಿನ 8,200 ರೂಪಾಯಿ ನನ್ನ ಬಳಿಯೇ ಇರುತ್ತಿತ್ತು. ಹಡಗು ಕಾಯುವುದಿಲ್ಲ ಅಂತ ಹೆದರಿಸಿದವರು ಇದನ್ನೂ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಇನ್ನು ಟಿಕೆಟ್ ವಿಷಯ. ಇಟಲಿ ವೀಸಾಕ್ಕೆ ವಿಮಾನದ ವಿವರ ಬೇಕು ಅಂದಾಗ ನೀವು ಒಂದು ಹಾಳೆ ಕಳಿಸಿದಿರಿ. ಅದರಲ್ಲಿ ಬೆಂಗಳೂರು–ಮುಂಬೈ, ಮುಂಬೈ–ಗಲ್ಫ್, ಗಲ್ಫ್–ರೋಮ್ ಮೂರೂ ಒಂದರ ಕೆಳಗೆ ಒಂದು ಇದ್ದವು. ಮೇಲೆ ಒಂದೇ ನಂಬರ್. ಅದು ಏರ್‌ಲೈನ್ಸಿನ ಪಿಎನ್‌ಆರ್ ಅಲ್ಲ, ನಿಮ್ಮ ಕಚೇರಿಯ ಬುಕಿಂಗ್ ನಂಬರ್ ಅಂತ ನನಗೆ ಆಮೇಲೆ ಗೊತ್ತಾಯಿತು. ನಿಜವಾದ ಟಿಕೆಟ್ ಬಂದಿದ್ದು ಜುಲೈ 24ಕ್ಕೆ, ಎರಡು ಬೇರೆ ಬೇರೆ ಫೈಲಿನಲ್ಲಿ. "ಎರಡು ಫೈಲ್ ಯಾಕೆ?" ಅಂತ ಅವತ್ತೇ ವಾಟ್ಸಾಪಿನಲ್ಲಿ ಕೇಳಿದೆ. "ಎರಡೂ ಒಂದೇ ಬುಕಿಂಗ್ ಮೇಡಂ, ಚಿಂತೆ ಬೇಡ" ಅಂತ ಉತ್ತರ ಬಂತು. ಅದರ ಸ್ಕ್ರೀನ್‌ಶಾಟ್ ಇದರ ಜೊತೆ ಇಟ್ಟಿದ್ದೇನೆ.

ಅವು ಒಂದೇ ಬುಕಿಂಗ್ ಆಗಿರಲಿಲ್ಲ. ಮುಂಬೈವರೆಗೆ ಒಂದು ಏರ್‌ಲೈನ್ಸ್, ಒಂದು ಪಿಎನ್‌ಆರ್. ಅಲ್ಲಿಂದ ಮುಂದಕ್ಕೆ ಇನ್ನೊಂದು ಏರ್‌ಲೈನ್ಸ್, ಇನ್ನೊಂದು ಪಿಎನ್‌ಆರ್. ಇದರ ಅರ್ಥ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದೇ ಟಿಕೆಟ್ ಆಗಿದ್ದರೆ ಲಗೇಜ್ ಬೆಂಗಳೂರಿನಲ್ಲಿ ಹಾಕಿದರೆ ರೋಮಿನಲ್ಲಿ ತೆಗೆದುಕೊಳ್ಳಬಹುದಿತ್ತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಏರ್‌ಲೈನ್ಸಿನ ಹೊಣೆ ಆಗುತ್ತಿತ್ತು. ಎರಡು ಟಿಕೆಟ್ ಆದರೆ ಎರಡನೇ ಏರ್‌ಲೈನ್ಸಿನ ಲೆಕ್ಕದಲ್ಲಿ ನಾವು ಹೇಳದೆ ಕೇಳದೆ ಬಾರದೇ ಹೋದವರು, ಅಷ್ಟೇ. ಬೆಂಗಳೂರಿನಿಂದಲೇ ಗಲ್ಫ್‌ಗೆ ದಿನಾ ನೇರ ವಿಮಾನಗಳಿರುವಾಗ, ವೀಲ್‌ಚೇರ್ ಬೇಕಾದ ವಯಸ್ಸಾದವರನ್ನು ಆಗಸ್ಟಿನ ಮಳೆಯಲ್ಲಿ ಮುಂಬೈ ಸುತ್ತಿಸಿ ಕಳಿಸಿದ್ದು ಯಾಕೆ? ಈ ಪ್ರಶ್ನೆಗೆ ನನಗೆ ಉತ್ತರ ಬೇಕು.

ಆಗಸ್ಟ್ 15ರ ರಾತ್ರಿ 9.40ಕ್ಕೆ ಹೊರಡಬೇಕಿದ್ದ ವಿಮಾನ ದೇವನಹಳ್ಳಿ ಬಿಟ್ಟಾಗ 12 ಗಂಟೆ ದಾಟಿತ್ತು. ಮುಂಬೈಯಲ್ಲಿ ಇಳಿದಾಗ 1.50. ನಾವು ಇಳಿದಿದ್ದು ಟರ್ಮಿನಲ್ 1ರಲ್ಲಿ. ವಿದೇಶಕ್ಕೆ ಹೋಗುವ ವಿಮಾನ ಇದ್ದದ್ದು ಟರ್ಮಿನಲ್ 2ರಲ್ಲಿ. ಅವೆರಡೂ ಅಕ್ಕಪಕ್ಕದಲ್ಲಿಲ್ಲ. ಹೊರಗೆ ಬಂದು, ರಸ್ತೆ ಹಿಡಿದು, ಗಾಡಿಯಲ್ಲೇ ಹೋಗಬೇಕು. ಅದಕ್ಕೂ ಮೊದಲು ಲಗೇಜ್ ಬರಬೇಕು. ಅಮ್ಮನ ಸೂಟ್‌ಕೇಸಿನ ಹಿಡಿಗೆ ಗುರುತಿಗೆ ಅಂತ ಹಳೆ ಸೀರೆಯ ಹಸಿರು ಅಂಚು ಕಟ್ಟಿದ್ದೆ. ಬೆಲ್ಟಿನ ಮುಂದೆ ನಿಂತು ಆ ಹಸಿರು ಅಂಚಿಗಾಗಿ ಅರ್ಧ ಗಂಟೆ ಕಾದೆ. ವೀಲ್‌ಚೇರ್ ತಳ್ಳುತ್ತಿದ್ದ ಹುಡುಗ ಒಳ್ಳೆಯವನು, ಓಡೋಡಿ ಬಾಗಿಲವರೆಗೆ ಬಿಟ್ಟ. ಅಲ್ಲಿಂದ ಆಚೆಗೆ ಅವನು ಬರುವ ಹಾಗಿರಲಿಲ್ಲ. ಅಮ್ಮ ಮಳೆಯಲ್ಲಿ ನನ್ನ ತೋಳು ಹಿಡಿದುಕೊಂಡು ಟ್ಯಾಕ್ಸಿವರೆಗೆ ನಡೆದರು. "ನಿಧಾನ ಬಾ, ಹೋದರೆ ಹೋಯಿತು" ಅಂತ ನನಗೇ ಸಮಾಧಾನ ಹೇಳಿದರು.

ಟರ್ಮಿನಲ್ 2 ಮುಟ್ಟಿದಾಗ 2.45. ವಿಮಾನ 3.10ಕ್ಕೆ, ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚಿತ್ತು. ಕೌಂಟರಿನವರು ಎರಡೂ ಟಿಕೆಟ್ ನೋಡಿ, ಇವು ಬೇರೆ ಬೇರೆ, ನಾವೇನೂ ಮಾಡಲು ಆಗುವುದಿಲ್ಲ ಅಂದರು. ಇನ್ನೊಂದು ಮಾತನ್ನೂ ಹೇಳಿದರು, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಹಾಳೆಯ ಕೆಳಗೆ ತುರ್ತು ಸಹಾಯಕ್ಕೆ ಅಂತ ಒಂದು ನಂಬರ್ ಇತ್ತು. ಆ ರಾತ್ರಿ 2.50ರಿಂದ 4.30ರೊಳಗೆ ಅದಕ್ಕೆ ಹನ್ನೊಂದು ಸಲ ಫೋನ್ ಮಾಡಿದೆ. ಕಚೇರಿ ಸಮಯ ಬೆಳಿಗ್ಗೆ 10ರಿಂದ ಸಂಜೆ 6 ಅಂತ ರೆಕಾರ್ಡ್ ಮಾಡಿದ ದನಿ ಹನ್ನೊಂದು ಸಲವೂ ಹೇಳಿತು. ತುರ್ತು ಅನ್ನೋದು ಕಚೇರಿ ಸಮಯ ನೋಡಿಕೊಂಡು ಬರುವುದಿಲ್ಲ. ಇಲ್ಲಿಂದ ವಿದೇಶಕ್ಕೆ ಹೊರಡುವ ಎಷ್ಟೋ ವಿಮಾನಗಳು ನಡುರಾತ್ರಿ, ಬೆಳಗಿನ ಜಾವದಲ್ಲೇ ಇರುತ್ತವೆ. ಅದು ಗೊತ್ತಿದ್ದೂ ಆ ಹೊತ್ತಿಗೆ ಫೋನ್ ಎತ್ತುವವರು ಇಲ್ಲ ಅಂದರೆ ಆ ನಂಬರನ್ನು ಹಾಳೆಯಲ್ಲಿ ಹಾಕಲೇಬಾರದಿತ್ತು.

ಕಾದು ಕಾದು ಬೆಳಿಗ್ಗೆ 6ಕ್ಕೆ ನಾನೇ ಎರಡು ಟಿಕೆಟ್ ತೆಗೆದುಕೊಂಡೆ. ಬರೀ ಹೋಗಲು ತಲಾ 58,700. ನಿಮ್ಮವರು ಫೋನ್ ಎತ್ತಿದ್ದು 10.10ಕ್ಕೆ, ಆಗ ನಾವು ವಿಮಾನ ಹತ್ತುವ ಸಾಲಿನಲ್ಲಿದ್ದೆವು. "ಎರಡು ಬೇರೆ ಟಿಕೆಟ್ ಆದ್ದರಿಂದ ಏರ್‌ಲೈನ್ಸ್ ಒಪ್ಪಲ್ಲ ಮೇಡಂ, ನೀವು ಹೋಗಿ, ಆಮೇಲೆ ನೋಡೋಣ" ಅಂದರು. ಜುಲೈನಲ್ಲಿ ಒಂದೇ ಬುಕಿಂಗ್ ಆಗಿದ್ದದ್ದು ಆಗಸ್ಟಿನಲ್ಲಿ ಎರಡು ಬೇರೆ ಟಿಕೆಟ್ ಆಗಿತ್ತು.

ರೋಮ್ ಮುಟ್ಟಿದಾಗ ಅಲ್ಲಿನ ರಾತ್ರಿ 8.30. ಒಂದು ರಾತ್ರಿ ಹೋಟೆಲಿನಲ್ಲಿ ಉಳಿದೆವು. ಮಾರನೇ ದಿನ ಬೆಳಿಗ್ಗೆ ಟರ್ಮಿನಿ ಸ್ಟೇಷನ್ನಿನಿಂದ ರೈಲಿನಲ್ಲಿ ನೇಪಲ್ಸ್‌ಗೆ ಹೋಗಿ, ಅಲ್ಲಿ ನಿಂತಿದ್ದ ಹಡಗನ್ನು ಹತ್ತಿದೆವು. ಮುಂದಿನ ಬಂದರಿಗೆ ಸೇರಿಸುತ್ತೇವೆ ಅಂದವರು ನೀವು, ಸೇರಿಕೊಂಡವರು ನಾವೇ. ಹಡಗಿನ ಸಿಬ್ಬಂದಿ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ. ಅಮ್ಮನನ್ನು ಕಂಡ ಕೂಡಲೇ ಕುರ್ಚಿ ತಂದರು, ಊಟ ಆಯಿತಾ ಅಂತ ಕೇಳಿದರು.

ಈಗ ಆ ಇನ್ನೊಂದು ಮಾತು. ಹೋಗುವ ಟಿಕೆಟ್ ಬಳಸದಿದ್ದರೆ ಅದೇ ಪಿಎನ್‌ಆರ್‌ನಲ್ಲಿರುವ ವಾಪಸ್ ಟಿಕೆಟ್ ಕೂಡ ರದ್ದಾಗುತ್ತದೆ ಅಂತ ಮುಂಬೈ ಕೌಂಟರಿನವರು ಹೇಳಿದ್ದರು. ಆ ರಾತ್ರಿಯೇ ರೋಮಿನಿಂದ ನಿಮಗೆ ಇಮೇಲ್ ಬರೆದೆ. ಉತ್ತರ ಬಂದಿದ್ದು ಮೂರು ದಿನದ ಮೇಲೆ. ವಾಪಸ್ ಟಿಕೆಟ್ ಉಳಿಸಲು ತಲಾ 18,500 ಕಟ್ಟಿ ಅಂತ. ಆ ಮೂರು ದಿನ ನಾನು ಹಡಗಿನಲ್ಲಿ ದುಡ್ಡು ಕೊಟ್ಟು ಇಂಟರ್‌ನೆಟ್ ತೆಗೆದುಕೊಂಡು ಇಮೇಲ್ ನೋಡುತ್ತಾ ಕೂತೆ. 26ಕ್ಕೆ ಗೌರಿ ಹಬ್ಬ, ಅಷ್ಟರಲ್ಲಿ ಮನೆಯಲ್ಲಿರುತ್ತೇವಾ ಅಂತ ಅಮ್ಮ ದಿನಾ ಕೇಳುತ್ತಿದ್ದರು. ಅವರಿಗೆ ವಾಪಸ್ ಟಿಕೆಟ್ ಇಲ್ಲ ಅನ್ನೋದನ್ನು ನಾನು ಹೇಳಿರಲಿಲ್ಲ. ಡೆಕ್ಕಿನ ಮೇಲೆ ಅವರ ಪಕ್ಕ ಕೂತು ಸಮುದ್ರ ನೋಡಬೇಕಿದ್ದ ಮೂರು ದಿನ ಹೀಗೆ ಹೋಯಿತು. ಈ ಪತ್ರದ ಲೆಕ್ಕದಲ್ಲಿ ಅದಕ್ಕೆ ನಾನು ಬೆಲೆ ಹಾಕಿಲ್ಲ.

ಹಡಗಿನಲ್ಲಿ ಮೈಸೂರಿನ ದಂಪತಿ ಸಿಕ್ಕಿದ್ದರು. ಏಪ್ರಿಲ್‌ನಲ್ಲಿ ನಾನು ನಿಮಗೆ ತೋರಿಸಿದ್ದೆನಲ್ಲ, ಆ ದಾರಿಯಲ್ಲೇ ಸ್ವಂತ ಟಿಕೆಟ್ ಮಾಡಿಕೊಂಡು ಬಂದಿದ್ದರು. ಹಿಂದಿನ ದಿನವೇ ತಲುಪಿ, ಚಿವಿತಾವೆಕ್ಕಿಯದಲ್ಲೇ ರಾತ್ರಿ ಉಳಿದು, ತಿಂಡಿ ತಿಂದು ಆರಾಮವಾಗಿ ಹಡಗು ಹತ್ತಿದ್ದರು. ರೋಮಿನ ಬಂದರು ಅಂತ ಕರೆದರೂ ಆ ಊರು ರೋಮಿನಿಂದ ಸುಮಾರು 70 ಕಿ.ಮೀ. ದೂರ. ನಿಮ್ಮ ಯೋಜನೆ ಪ್ರಕಾರ ನಾವು ಮಧ್ಯಾಹ್ನ 12.50ಕ್ಕೆ ರೋಮಿನಲ್ಲಿ ಇಳಿದು, ಇಮಿಗ್ರೇಷನ್ ಮುಗಿಸಿ, ಲಗೇಜ್ ತೆಗೆದುಕೊಂಡು, 3.30ರೊಳಗೆ ಬಂದರಿನಲ್ಲಿ ಚೆಕ್-ಇನ್ ಮಾಡಬೇಕಿತ್ತು. ಎಲ್ಲವೂ ಸರಿಯಾಗಿ ನಡೆದಿದ್ದರೂ ಉಸಿರು ಬಿಗಿಹಿಡಿದು ಓಡಬೇಕಿತ್ತು. ಅದೇ ದಿನ ಇಳಿಯುವ ಟಿಕೆಟ್ ಬೇಡ ಅಂತ ಹೇಳಬೇಕಾದವರು ನೀವೇ ಅದನ್ನು ಮಾಡಿಕೊಟ್ಟಿರಿ.

ಕ್ರೂಸ್ ಕಂಪನಿ ಮೂಲಕ ವಿಮಾನ ತೆಗೆದುಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಒಂದೇ ಟಿಕೆಟ್ ಆಗಿದ್ದು, ರಾತ್ರಿ ಫೋನ್ ಎತ್ತುವವರಿದ್ದು, ಮುಂದಿನ ಬಂದರಿಗೆ ನಿಜವಾಗಿ ಸೇರಿಸುವವರಿದ್ದರೆ ಅಮ್ಮನಂಥವರ ಜೊತೆ ಹೋಗುವಾಗ ಆ ಜಾಸ್ತಿ ದುಡ್ಡು ಕೊಡುವುದು ಸರಿಯೇ. ನಾಳೆಯೂ ಕೊಟ್ಟೇನು. ಆದರೆ ನೀವು ಆ ದುಡ್ಡು ತೆಗೆದುಕೊಂಡು ಸ್ವಂತವಾಗಿ ಮಾಡಿಕೊಂಡಿದ್ದಕ್ಕಿಂತ ಹೆಚ್ಚು ಅಪಾಯದ ಟಿಕೆಟ್ ಕೊಟ್ಟಿರಿ. ಅದನ್ನು ಹೇಳಲೂ ಇಲ್ಲ. ಕೇಳಿದಾಗ ಸುಳ್ಳು ಹೇಳಿದಿರಿ.

ಹೊಸ ಟಿಕೆಟ್ 1,17,400, ರೋಮಿನ ಹೋಟೆಲ್ 14,300, ರೈಲು ಮತ್ತು ಟ್ಯಾಕ್ಸಿ 9,600, ವಾಪಸ್ ಟಿಕೆಟ್‌ಗೆ ಕಟ್ಟಿದ್ದು 37,000, ತಪ್ಪಿಹೋದ ಒಂದು ರಾತ್ರಿಯ ಕ್ರೂಸ್ 34,000. ಇಷ್ಟು 2,12,300 ರೂಪಾಯಿ. ಇದರ ಜೊತೆ, ನೀವು ಉಳಿಸಿಕೊಳ್ಳದ ಮಾತಿಗಾಗಿ ನಾನು ಕೊಟ್ಟ 39,200. ಒಟ್ಟು 2,51,500 ರೂಪಾಯಿ. ಎಲ್ಲ ಬಿಲ್, ಎರಡೂ ಟಿಕೆಟ್, ಫೋನ್ ಕರೆಗಳ ಪಟ್ಟಿ ಲಗತ್ತಿಸಿದ್ದೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವೆಯ ಕೊರತೆಯೇ ಅಂತ ಇದೆ. ಈ ಪತ್ರ ತಲುಪಿದ 15 ದಿನದೊಳಗೆ ಹಣ ಬರದಿದ್ದರೆ ಮೊದಲು 1915 ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಆಮೇಲೆ ಇಲ್ಲೇ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅದಕ್ಕೆ ಎರಡು ವರ್ಷದ ಅವಕಾಶ ಇದೆ ಅಂತ ಗೊತ್ತು, ಆದರೆ ನಾನು ಅಷ್ಟು ದಿನ ಕಾಯುವುದಿಲ್ಲ.

ಹಣದ ಹೊರತಾಗಿ ಒಂದು ಕೋರಿಕೆ ಇದೆ. ನಿಮ್ಮ ಮೇಜಿನ ಮುಂದೆ ಇವತ್ತೂ ಯಾರೋ ಅಪ್ಪ ಅಮ್ಮನ ಪಾಸ್‌ಪೋರ್ಟ್ ಹಿಡಿದು ಕೂತಿರುತ್ತಾರೆ. ಅವರಿಗೆ ದುಡ್ಡು ಕಟ್ಟುವ ಮೊದಲೇ ಏರ್‌ಲೈನ್ಸಿನ ಪಿಎನ್‌ಆರ್ ಎಷ್ಟು, ಒಂದಾ ಎರಡಾ, ವಿಮಾನ ತಪ್ಪಿದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಹಾಳೆಯ ಮೇಲೆ ಬರೆದು ಕೊಡಿ.

ನನಗೂ ಉತ್ತರವನ್ನು ಫೋನಿನಲ್ಲಿ ಹೇಳಬೇಡಿ. ಬರೆದು ಕಳಿಸಿ.

ಇತಿ,
ನಿಮ್ಮ ಗ್ರಾಹಕಿ