ಸೆನ್ಸರ್‌ಗೆ ಬಣ್ಣ ಕಾಣಿಸುವುದಿಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮೊಬೈಲ್ ಕ್ಯಾಮೆರಾ ಕುರಿತ ಲೇಖನ ಓದಿದೆ. ಬರಹ ಸರಾಗವಾಗಿತ್ತು. ಆದರೆ ‘ಪ್ರತಿ ಪಿಕ್ಸೆಲ್ ಕೂಡ ಕೆಂಪು, ಹಸಿರು, ನೀಲಿ ಮೂರನ್ನೂ ದಾಖಲಿಸಿಕೊಳ್ಳುತ್ತದೆ’ ಎಂಬ ಸಾಲಿಗೆ ಬಂದಾಗ ಪತ್ರಿಕೆ ಮಡಚಿಟ್ಟೆ. ಇಪ್ಪತ್ತೆರಡು ವರ್ಷ ಕ್ಯಾಮೆರಾ ರಿಪೇರಿ ಮಾಡಿದವನು ನಾನು. ಇಷ್ಟಕ್ಕೆಲ್ಲ ಸಿಟ್ಟು ಬರಬಾರದು, ಬಂತು.

ಸೆನ್ಸರ್‌ಗೆ ಬಣ್ಣ ತಿಳಿಯುವುದೇ ಇಲ್ಲ. ಲೆನ್ಸ್ ಹಿಂದೆ ಕುಳಿತು ಬೆಳಕು ಹಿಡಿಯುವ ಚಿಪ್ ಅದು. ಅದರ ಒಂದೊಂದು ಬಿಂದುವಿಗೂ, ಅಂದರೆ ಪಿಕ್ಸೆಲ್‌ಗೂ, ಗೊತ್ತಾಗುವುದು ಎಷ್ಟು ಬೆಳಕು ಬಿತ್ತು ಎಂಬುದಷ್ಟೇ. ಅದಕ್ಕಾಗಿಯೇ ಬಿಂದುವೊಂದಕ್ಕೆ ಒಂದೇ ಬಣ್ಣದ ಫಿಲ್ಟರ್ ಹೊದಿಸುತ್ತಾರೆ. ಒಂದು ಸಾಲಿನಲ್ಲಿ ಹಸಿರು, ಕೆಂಪು, ಹಸಿರು, ಕೆಂಪು. ಅದರ ಕೆಳಗಿನ ಸಾಲಿನಲ್ಲಿ ನೀಲಿ, ಹಸಿರು, ನೀಲಿ, ಹಸಿರು. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಅವರ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ನಾಲ್ಕು ಚೌಕಗಳಲ್ಲಿ ಹಸಿರಿಗೆ ಎರಡು ಪಾಲು ಕೊಟ್ಟದ್ದೇ ಅವರ ಜಾಣ್ಮೆ. ನಮ್ಮ ಕಣ್ಣು ಹಗಲಿನಲ್ಲಿ ಹೆಚ್ಚು ಚುರುಕಾಗಿರುವುದು 555 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಹಸಿರು ಬೆಳಕಿಗೆ. ಚಿತ್ರದ ನವಿರು ವಿವರಗಳನ್ನು ಹೊರುವುದು ಬಹುಮಟ್ಟಿಗೆ ಅದೇ.

ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್, ಅಂದರೆ 1.2 ಕೋಟಿ ಬಿಂದುಗಳ ಸೆನ್ಸರ್‌ನಲ್ಲಿ ಹಸಿರು ಬಿಂದುಗಳು 60 ಲಕ್ಷ, ಕೆಂಪು 30 ಲಕ್ಷ, ನೀಲಿ 30 ಲಕ್ಷ. ಬಿಂದುವಿಗೆ ಮೂರು ಬಣ್ಣದಂತೆ ಪೂರ್ತಿ ಚಿತ್ರಕ್ಕೆ ಬೇಕಾದ ಅಂಕಿಗಳು 3.6 ಕೋಟಿ. ಅಳೆದದ್ದು 1.2 ಕೋಟಿ ಮಾತ್ರ. ಮಿಕ್ಕ 2.4 ಕೋಟಿಯನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಕ್ಯಾಮೆರಾ ಊಹಿಸುತ್ತದೆ. ಸಂಸ್ಕರಿಸದ ಕಡತವೊಂದನ್ನು ಹಿಗ್ಗಿಸಿ ತಂಗಿಯ ಮಗಳಿಗೆ ತೋರಿಸಿದ್ದೆ. ಕಂಡದ್ದು ಬೂದು ಬಣ್ಣದ ಚದುರಂಗದ ಹಾಸು. ಚೌಕಗಳಿಗೆ ಅವುಗಳ ಫಿಲ್ಟರ್ ಬಣ್ಣ ತುಂಬಿದ ಮೇಲೆ ಇಡೀ ಚಿತ್ರ ಪಾಚಿಗಟ್ಟಿದಂತೆ ಹಸಿರಾಯಿತು. “ಮಾವ, ಇದು ಕೆಟ್ಟುಹೋಗಿದೆಯೇ?” ಎಂದಳು. ಕೆಟ್ಟಿರಲಿಲ್ಲ, ಊಹೆ ಇನ್ನೂ ಶುರುವಾಗಿರಲಿಲ್ಲ.

ಊಹೆ ತಪ್ಪುವುದೂ ಉಂಟು. ಸಣ್ಣ ಗೆರೆಯ ಅಂಗಿ ತೊಟ್ಟ ಗಿರಾಕಿಯೊಬ್ಬರು, ಫೋಟೊದಲ್ಲಿ ಅಂಗಿಯ ಮೇಲೆಲ್ಲ ಕಾಮನಬಿಲ್ಲಿನ ಅಲೆ ಮೂಡುತ್ತಿದೆ ಎಂದು ಕ್ಯಾಮೆರಾ ತಂದರು. ಲೆನ್ಸನ್ನು ಎರಡು ಸಲ ಒರೆಸಿದೆ, ಪೆದ್ದನಂತೆ. ಆಮೇಲೆ ಹೊಳೆಯಿತು: ಸೆನ್ಸರ್ ಮೇಲೆ ಬಿದ್ದ ಗೆರೆಗಳು ಹೆಚ್ಚುಕಡಿಮೆ ಬಿಂದುಗಳಷ್ಟೇ ಸಪೂರವಾಗಿದ್ದವು, ಇಲ್ಲದ ಬಣ್ಣವನ್ನು ಕ್ಯಾಮೆರಾದ ಊಹೆಯೇ ಹುಟ್ಟಿಸಿತ್ತು. ಎರಡು ಹೆಜ್ಜೆ ಮುಂದೆ ಬಂದು ನಿಲ್ಲಿ ಎಂದೆ. ಗೆರೆಗಳು ದಪ್ಪವಾದವು, ಅಲೆ ಮಾಯವಾಯಿತು. ರಿಪೇರಿಗೆ ಹಣ ಕೇಳಲು ಬಾಯಿ ಬರಲಿಲ್ಲ.

ನಿಮ್ಮ ಲೇಖಕರ ಸಾಲು ಪೂರ್ತಿ ಸುಳ್ಳೂ ಅಲ್ಲ. ಫೋವಿಯಾನ್ ಎಂಬ ಸೆನ್ಸರ್‌ನಲ್ಲಿ ಒಂದೊಂದು ಬಿಂದುವಿನಲ್ಲೂ ಒಂದರ ಕೆಳಗೊಂದು ಮೂರು ಪದರಗಳಿವೆ, ಹಾಗಾಗಿ ಅಲ್ಲಿ ಮೂರು ಬಣ್ಣವೂ ಸಿಗುತ್ತದೆ. ಸಿಲಿಕಾನ್‌ನ ಮೇಲ್ಭಾಗದಲ್ಲೇ ನೀಲಿ ಇಂಗುತ್ತದೆ, ಕೆಂಪು ಆಳಕ್ಕಿಳಿಯುತ್ತದೆ. ಆದರೆ ಲೇಖನ ಅದರ ಬಗ್ಗೆ ಇರಲಿಲ್ಲವಲ್ಲ.

ಜೊತೆಗಿದ್ದ ಚಿತ್ರದಲ್ಲಿ ಮೂರು ಬಣ್ಣಕ್ಕೂ ಸಮಪಾಲು ಕೊಟ್ಟಿದ್ದೀರಿ. ಮುಂದಿನ ವಾರ ನಾಲ್ಕು ಚೌಕದ ಸರಿಯಾದ ಚಿತ್ರ ಹಾಕಿ. ಜಾಗ ಸಾಲದಿದ್ದರೆ ಈ ಪತ್ರವನ್ನು ಕತ್ತರಿಸಿ, ಎರಡನೆಯ ಹಸಿರು ಚೌಕವನ್ನು ಮಾತ್ರ ಬಿಡಬೇಡಿ.

– ನಿವೃತ್ತ ಕ್ಯಾಮೆರಾ ರಿಪೇರಿಗಾರ