ಹೊಗೆಯ ಹಳೆಯ ಬಾಕಿಯೂ ಲೆಕ್ಕಕ್ಕೆ ಬರಲಿ

ಮಾನ್ಯರೇ,

ಭೂಮಿ ಬಿಸಿಯಾಗುತ್ತಿರುವುದು ಪ್ರಕೃತಿಯ ಸಹಜ ಏರಿಳಿತ ಎಂಬ ವಾದ ಮತ್ತೆ ಮತ್ತೆ ಕೇಳಿಬರುತ್ತಿದೆ. ಅಳತೆಗಳು ಇದನ್ನು ಒಪ್ಪುವುದಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲ್ಪದರವೂ ಕಾಯಬೇಕಿತ್ತು. ಆದರೆ ಕೆಳಪದರ ಕಾಯುತ್ತಿದ್ದರೆ ಅದರ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಗಾಳಿಯಲ್ಲಿರುವ ಇಂಗಾಲದಲ್ಲಿ ಕಾರ್ಬನ್-13 ಎಂಬ ಭಾರವಾದ ರೂಪದ ಪಾಲು ಇಳಿಯುತ್ತಿದೆ. ಈ ರೂಪ ಕಡಿಮೆ ಇರುವ ಕಲ್ಲಿದ್ದಲು, ತೈಲ ಉರಿದ ಗುರುತು ಅದು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ, 1850–1900ಕ್ಕೆ ಹೋಲಿಸಿದರೆ 2010–2019ರ ದಶಕದ ವೇಳೆಗೆ ಮನುಷ್ಯರಿಂದಾದ ತಾಪಮಾನ ಏರಿಕೆ ಸುಮಾರು 1.07 ಡಿಗ್ರಿ ಸೆಲ್ಸಿಯಸ್. ಅಳತೆಯಲ್ಲಿ ಕಂಡ ಒಟ್ಟು ಏರಿಕೆಯೂ ಸುಮಾರು ಅಷ್ಟೇ. ಅಂದರೆ, ಹೆಚ್ಚುಕಡಿಮೆ ಪೂರ್ತಿ ಏರಿಕೆ ನಮ್ಮದೇ.

ಹೊಣೆಯ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ತಮಗೆ ಅನುಕೂಲವಾದ ಲೆಕ್ಕವನ್ನೇ ಹಿಡಿಯುತ್ತಾರೆ. ಇಂದು ವರ್ಷಕ್ಕೆ ಅತಿ ಹೆಚ್ಚು ಹೊಗೆ ಬಿಡುತ್ತಿರುವುದು ಚೀನಾ, ನಿಜ. ಆದರೆ ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುವ ಅನಿಲ. 1850ರಿಂದ ಕೂಡಿಸಿದರೆ ಅಮೆರಿಕವೇ ಮೊದಲು. ತಾಪವನ್ನು ನಿರ್ಧರಿಸುವುದು ಈ ಒಟ್ಟು ಮೊತ್ತವೇ ಹೊರತು ಒಂದು ವರ್ಷದ ಅಂಕಿಯಲ್ಲ. ಒಂದು ದೇಶದಲ್ಲಿ ತಯಾರಾಗಿ ಸಿರಿವಂತ ದೇಶದಲ್ಲಿ ಬಳಕೆಯಾಗುವ ಸರಕಿನ ಹೊಗೆ ತಯಾರಿಸಿದವರ ಖಾತೆಗೇ ಬೀಳುತ್ತದೆ. ಇದು ಅನ್ಯಾಯ. ಅಂತರರಾಷ್ಟ್ರೀಯ ವಿಮಾನ, ಹಡಗುಗಳದ್ದಂತೂ ಯಾವ ದೇಶದ ಮೊತ್ತಕ್ಕೂ ಸೇರುವುದಿಲ್ಲ! ವಾರ್ಷಿಕ ಅಂಕಿಯ ಜೊತೆಗೆ ಐತಿಹಾಸಿಕ, ತಲಾವಾರು ಮತ್ತು ಬಳಕೆ ಆಧಾರಿತ ಲೆಕ್ಕಗಳನ್ನೂ ಪ್ರತಿ ದೇಶ ಹವಾಮಾನ ಮಾತುಕತೆಗಳಲ್ಲಿ ಕಡ್ಡಾಯವಾಗಿ ಮಂಡಿಸುವ ನಿಯಮ ಬರಬೇಕು.