ದೇವಿಕೆರೆ ಹತ್ತಿರದ ಜೆರಾಕ್ಸ್ ಅಂಗಡಿಯ ತಂಗಿಗೆ

ಮೊನ್ನೆ ಶಿರಸಿಯಲ್ಲಿ ಜೋರು ಮಳೆ. ಮಗಳ ಲ್ಯಾಪ್‌ಟಾಪಿನಲ್ಲಿ ಅಡಿಕೆ ಧಾರಣೆ ನೋಡಲು ಹೋಗಿ ಎಲ್ಲೋ ಏನೋ ಒತ್ತಿದೆ. ಪರದೆ ಪೂರ್ತಿ ಕೆಂಪು. ‘ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಫೋನ್ ಮಾಡಿ’ ಅಂತ ಬರಹ, ಜೊತೆಗೆ ಸೈರನ್. ಮುಚ್ಚೋಣವೆಂದರೆ ಮೂಲೆಯ ಗುರುತೇ ಮಾಯ! ಕೂಗುತ್ತಿದ್ದ ಲ್ಯಾಪ್‌ಟಾಪನ್ನು ಹಾಗೇ ಕೊಡೆಯಡಿ ಹಿಡಿದು ನಿಮ್ಮ ಅಂಗಡಿಗೆ ಓಡಿದೆ.

ನೀವು ಮೊದಲು ಸೌಂಡ್ ಬಂದ್ ಮಾಡಿದಿರಿ. ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು.

“ಫೋನ್ ಮಾಡಿದ್ರಾ ಮಾವ?”

“ಇಲ್ಲ, ನಂಬರ್ ಒತ್ತಿ ಇಟ್ಕೊಂಡಿದ್ದೆ.”

“ಅಳಿಸಿಬಿಡಿ. ಇದು ವೈರಸ್ಸಲ್ಲ, ಬರೀ ಒಂದು ವೆಬ್ ಪೇಜು. ಫೋನ್ ಮಾಡಿದ್ರೆ ಏನೋ ಆ್ಯಪ್ ಹಾಕಿಸಿ, ಆಮೇಲೆ ದುಡ್ಡು ಕೇಳ್ತಾರೆ.”

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಬಂದ ಪಟ್ಟಿಯಲ್ಲಿ ಬ್ರೌಸರ್ ಹುಡುಕಿ ಮುಚ್ಚಿದಿರಿ. ಮತ್ತೆ ತೆರೆದಾಗ ಹಳೇ ಪುಟ ತರಲೇ ಅಂತ ಕೇಳಿತು. ಬೇಡ ಅಂದಿರಿ. ವಿಂಡೋಸಿನದೇ ಸ್ಕ್ಯಾನ್ ಓಡಿಸಿದಿರಿ, ಏನೂ ಇರಲಿಲ್ಲ. ಅಷ್ಟರಲ್ಲಿ ಸಾಲಿನಲ್ಲಿದ್ದವರು ಗೊಣಗಿದರೂ ನೀವು ಅವಸರ ಮಾಡಲಿಲ್ಲ.

ಎಷ್ಟಾಯ್ತು ಅಂದರೆ, “ಜೆರಾಕ್ಸೇ ಮಾಡಿಸಿಲ್ವಲ್ಲ” ಅಂದಿರಿ. ಹಾಳಾದ ಹಾಳೆಯ ಹಿಂದೆ ಆ ಮೂರು ಕೀಗಳ ಹೆಸರು ದೊಡ್ಡದಾಗಿ ಬರೆದುಕೊಟ್ಟಿರಿ. ಹೆಸರು ಕೇಳಲು ಮರೆತೆ ತಂಗಿ. ಹಾಳೆ ಕ್ಯಾಲೆಂಡರಿನ ಪಕ್ಕ ನೇತಾಡುತ್ತಿದೆ.